ನಾಲ್ಕು ಮೂಲೆಗೆ ಅರಿಷಿಣ ಹಚ್ಚಿದ ಇ-ಮೇಲ್

ಇದರಲ್ಲಿ ಬರುವ ಪ್ರತಿ ಮಾತೂ ಖರೆ. ಬೇಕಾದರೆ ಕಾಳಿ ನದಿಯಲ್ಲಿ ಎದೆಮಟ ನಿಂತು ಹೇಳುತ್ತೇನೆ, ಮೊಸಳೆ ಇದ್ದರೂ ನಿಲ್ಲುತ್ತೇನೆ. ಮಂದಿ ವ್ಯಾಪಾರ ಮಾಡಿದರೆ ಬರೇ ವ್ಯಾಪಾರವಾಗುತ್ತದೆ, ನಾನು ಮಾಡಿದರೆ ಏನಾದರೊಂದು ಆಗುತ್ತಲೇ ಇರುತ್ತದೆ. ಇ-ಮೇಲಿನಿಂದ ಗಿರಾಕಿ ಹಿಡಿಯುವ ವಿದ್ಯೆಯನ್ನು ಈ ನದಿಯ ದಂಡೆಗೆ ತಂದವನು ನಾನೇ. ಆಗ ದಾಂಡೇಲಿಯಲ್ಲಿ ಇಂಟರ್‌ನೆಟ್ ಇನ್ನೂ ಕಣ್ಣು ಬಿಡುತ್ತಿತ್ತು.

ಕೋಗಿಲಬನದ ನಮ್ಮ ಮನೆಯ ಹಿಂದೆ ಮೂರು ಕೋಣೆ ಕಟ್ಟಿಸಿದ್ದೆ, ಕಾಡು ನೋಡಲು ಬಂದವರು ಉಳಿಯಲೆಂದು. ಕೋಣೆ ಇದ್ದವು, ಬಂದವರು ಇರಲಿಲ್ಲ. ಹೆಂಡತಿ ಒಂದು ದಿನ ಕಡಕ್ಕಾಗಿ ಹೇಳಿದಳು:

"ಸುಗ್ಗಿ ಮುಗಿಯೂತನಕಾ ನೋಡ್ತೇನಿ. ಆಮ್ಯಾಲ ಹಳಿಯಾಳದಿಂದ ನಮ್ಮಣ್ಣ ಭತ್ತದ ಚೀಲ ತಂದು ಕೋಣ್ಯಾಗ ಒಟ್ಟತಾನ. ಭತ್ತರೆ ಸುಮ್ನ ಬಿದ್ದಿರತೈತಿ, ನಿಮ್ಮಂಗ ದಿನಾ ಕನಸ ಹೇಳೂದಿಲ್ಲ."

ಅವತ್ತೇ ದಾಂಡೇಲಿಯ ಸೈಬರ್ ಕೆಫೆಗೆ ಹೋದೆ.

ಗುಟ್ಟಿನ ಪಾಸ್‌ವರ್ಡ್

ಕೆಫೆಯ ಭಾಯ್ ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವನು. ನನಗೊಂದು ಮೇಲ್ ವಿಳಾಸ ಮಾಡಿಕೊಟ್ಟು, "ಕಾಕಾ, ಈ ಪಾಸ್‌ವರ್ಡ್ ಯಾರಿಗೂ ಹೇಳಬ್ಯಾಡ್ರಿ" ಅಂದ.

"ಯಾರಿಗೂ ಹೇಳದಿದ್ರ ಮೇಲ್ ಬಂದಿದ್ದು ನನಗ ಯಾರ ಹೇಳಬೇಕೋ ಭಾಯ್? ನಾನಿರೂದು ಕೋಗಿಲಬನದಾಗ."

ನಮ್ಮೂರ ಬಸ್ಸಿನ ಕಂಡಕ್ಟರನಿಗೆ ಹೇಳಿದೆ. ಅಂಬೇವಾಡಿಯ ಹಾಲಿನವನಿಗೆ ಹೇಳಿದೆ. ದಾಂಡೇಲಿಗೆ ಹೋದವರು ಯಾರಾದರೂ ಇಣುಕಿ ಬರಲಿ ಎಂದು. ಪತ್ರಿಕೆಯ ಜಾಹೀರಾತು ನೋಡಿ ಹುಬ್ಬಳ್ಳಿ, ಬೆಳಗಾವಿಯ ಕಂಪನಿಗಳಿಗೆಲ್ಲ ಮೇಲ್ ಹಾಕಿದ್ದೆ. ಬೆಳಗಾವಿಯ ಒಬ್ಬರು ಕೋಣೆ ಖಾಲಿ ಇದೆಯೇ ಎಂದು ಕೇಳಿದರಂತೆ. ನನಗೆ ಸುದ್ದಿ ಮುಟ್ಟುವ ಮೊದಲೇ ಉತ್ತರ ಹೋಗಿತ್ತು. ಕಂಡಕ್ಟರ್ ಬಸ್ಸಿನ ವೇಳೆ ಬರೆಸಿದ್ದ. ಹಾಲಿನವನು ಎಮ್ಮೆ ಹಾಲು ಬೇಕೋ ಆಕಳ ಹಾಲು ಬೇಕೋ ಎಂದು ಕೇಳಿಸಿದ್ದ. ಕೋಣೆ ಖಾಲಿ ಇದೆ ಎಂಬುದೊಂದನ್ನು ಬಿಟ್ಟು ಎಲ್ಲವೂ ಅದರಲ್ಲಿತ್ತು.

ಮನೆಯ ಫೋಟೋ

"ಫೋಟೋ ಇಲ್ಲದ ಮೇಲ್ ಯಾರ ನೋಡ್ತಾರ ಕಾಕಾ?" ಅಂದ ಭಾಯ್. ಸರಿ, ದಾಂಡೇಲಿಯಿಂದ ಸ್ಟುಡಿಯೋದವನನ್ನು ಕರೆಸಿದೆ. ಕ್ಯಾಮೆರಾ ಬಂದದ್ದು ಕಂಡು ಓಣಿಯವರೆಲ್ಲ ಹೊಸ ಬಟ್ಟೆ ಹಾಕಿಕೊಂಡು ಬಂದು ಮನೆಯ ಮುಂದೆ ಸಾಲಾಗಿ ನಿಂತರು. ಬಾಜೂಕ ಸರೀರಿ ಅನ್ನಲು ನನಗೆ ಬಾಯಿ ಬರಲಿಲ್ಲ. ನಾಳೆ ಮತ್ತೆ ಅವರ ಮುಖ ನೋಡಬೇಕಲ್ಲ.

ಆ ಫೋಟೋ ಕಳಿಸಲು ಮಧ್ಯಾಹ್ನವಿಡೀ ಹಿಡಿಯಿತು. ಭಾಯ್ ತಲೆಗೆ ಕೈ ಹಚ್ಚಿ ಕುಳಿತಿದ್ದ. "ಬಿದಿರು ತುಂಬಿದ ಲಾರಿ ಅನಮೋಡ ಘಾಟ ಏರಿದಂಗ ಏರಾಕತ್ತೈತ್ರಿ ಕಾಕಾ. ಇಷ್ಟ ಮಂದಿ ಯಾಕ ಹತ್ತಿಸೀರಿ?"

ಮರುದಿನ ಹುಬ್ಬಳ್ಳಿಯಿಂದ ಉತ್ತರ ಬಂತು: "ನಿಮ್ಮಲ್ಲಿ ಈಗಾಗಲೇ ಇಷ್ಟು ಜನ ಉಳಿದಿದ್ದಾರೆ. ಸ್ವಲ್ಪ ಖಾಲಿಯಾದ ಮೇಲೆ ತಿಳಿಸಿರಿ."

ಬಾಯಿಂದ ಕರೆದದ್ದು

ಸುಗ್ಗಿ ಮುಗಿಯುತ್ತ ಬಂತು. ಹೆಂಡತಿ ಕೋಣೆ ಗುಡಿಸುವಾಗ ಇಲ್ಲಿ ಎಷ್ಟು ಚೀಲ ಹಿಡಿಸುತ್ತವೆ ಎಂದು ನನಗೆ ಕೇಳುವಂತೆ ಲೆಕ್ಕ ಹಾಕುತ್ತಿದ್ದಳು. ಆಗ ನನಗೆ ಹೊಳೆಯಿತು. ನಮ್ಮ ಕಡೆ ಬರೇ ಪೋಸ್ಟಿನಲ್ಲಿ ಬಂದ ಲಗ್ನಪತ್ರಿಕೆಗೆ ಯಾರು ಮದುವೆಗೆ ಹೋಗುತ್ತಾರೆ? ಬಾಗಿಲಿಗೆ ಹೋಗಿ ಬಾಯಿಂದ ಕರೆಯಬೇಕು. ಮೇಲ್ ಹಾಕಿ ನಾನು ಮನೆಯಲ್ಲಿ ಕುಳಿತರೆ ಮರ್ಯಾದಸ್ಥರು ಹೇಗೆ ಬಂದಾರು?

ಹುಬ್ಬಳ್ಳಿಗೆ ಕಳಿಸಿದ ಮೇಲನ್ನೇ ಪ್ರಿಂಟ್ ತೆಗೆಸಿದೆ. ಲಗ್ನಪತ್ರಿಕೆಯ ಪದ್ಧತಿಯಂತೆ ನಾಲ್ಕು ಮೂಲೆಗೆ ಅರಿಷಿಣ ಹಚ್ಚಿದೆ. ಇಂಥ ವಿಚಾರ ನನ್ನ ತಲೆಗಲ್ಲದೆ ಇನ್ಯಾರ ತಲೆಗೆ ಬಂದೀತು? ಬಸ್ ಹತ್ತಿ ಆ ಕಂಪನಿಯ ಸಾಹೇಬರೆದುರು ಹೋಗಿ ನಿಂತೆ.

"ನಿಮ್ಮ ಮೇಲ್ ಬಂದೈತಲ್ರಿ. ಮತ್ತ್ಯಾಕ ಬಂದ್ರಿ?"

"ಮೇಲ್ ಮುಟ್ಟೈತೋ ಇಲ್ಲೋ ಕೇಳಾಕ ಬಂದೇನ್ರಿ. ಮನಿಮಂದಿ ಎಲ್ಲಾರನೂ ಕರಕೊಂಡ ಬರಬೇಕು."

ಸಾಹೇಬರ ಬೆರಳಿಗೆ ಅರಿಷಿಣ ಹತ್ತಿತು. ನಕ್ಕು, ಕಾಗದವನ್ನು ನೋಟಿಸ್ ಬೋರ್ಡಿಗೆ ಚುಚ್ಚಿದರು.

ಮುಂದಿನ ಶನಿವಾರ ಹೆಂಡತಿಯ ಅಣ್ಣ ಟ್ರ್ಯಾಕ್ಟರ್ ತುಂಬ ಭತ್ತ ಹೇರಿಕೊಂಡು ಬಂದ. "ಕೀಲಿ ಕೊಡ್ರಿ ಭಾವಾರ" ಎಂದು ಕೈ ಚಾಚಿದ. ಅಷ್ಟರಲ್ಲಿ ಹಿಂದೆಯೇ ಒಂದು ಟೆಂಪೋ. ಇಳಿದವರೆಲ್ಲ ರೇಷ್ಮೆ ಸೀರೆ, ಇಸ್ತ್ರಿ ಅಂಗಿ. ಕೈಯಲ್ಲಿ ಬಣ್ಣದ ಹಾಳೆ ಸುತ್ತಿದ ಉಡುಗೊರೆ, ಮದುವೆಯ ಆಹೇರಿ. ಬೋರ್ಡಿನಲ್ಲಿ ಅರಿಷಿಣ ಕಂಡಿದ್ದರು, ಊರ ಹೆಸರು ಕಂಡಿದ್ದರು. ನಡುವಿನದನ್ನು ಯಾರೂ ಓದಿರಲಿಲ್ಲ. ಓದಿದ್ದ ಸಾಹೇಬರು ನಗು ನುಂಗುತ್ತ ಹಿಂದೆ ನಿಂತಿದ್ದರು.

ಹಿರಿಯ ಹೆಂಗಸೊಬ್ಬರು ನನ್ನನ್ನೇ ಕೇಳಿದರು: "ಮದುಮಗಳು ಎಲ್ಲಿ ಅದಾಳ್ರಿ?"

ನಾನು ಅಡುಗೆಮನೆಯ ಕಡೆ ತಿರುಗಿದೆ. ಹೆಂಡತಿ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು.

"ನಾನರೀ. ಲಗ್ನಾಗಿ ಇಪ್ಪತ್ತೈದ ವರ್ಷಾತು, ನೀವ ಸ್ವಲ್ಪ ತಡಾ ಮಾಡಿದ್ರಿ. ಬರ್ರಿ, ಕೈಕಾಲ ತೊಳಕೊಳ್ರಿ, ಕೋಣಿ ತಯಾರದಾವ."

ಬಂದವರೆಲ್ಲ ನಕ್ಕರು, ಎರಡು ದಿನ ಉಳಿದರು. ಬಾಡಿಗೆಯನ್ನೂ ಕೊಟ್ಟರು, ತಂದ ಆಹೇರಿ ಒಯ್ಯಬಾರದೆಂದು ಅದನ್ನೂ ಕೊಟ್ಟರು. ಹೆಂಡತಿಯ ಅಣ್ಣ ಅವತ್ತು ಟ್ರ್ಯಾಕ್ಟರಿನಲ್ಲೇ, ಚೀಲಗಳ ಮೇಲೆ ಮಲಗಿದ.

ವಾರದಲ್ಲೇ ಸಾಹೇಬರ ಮೇಲ್: "ಇನ್ನೊಂದು ತಂಡ ಬರಬೇಕೆಂದಿದೆ. ಮತ್ತೆ ಮದುವೆ ಉಂಟೇ?"

ಕಂಡಕ್ಟರ್ ಆಗಲೇ ಉತ್ತರ ಹಾಕಿಸಿದ್ದ: "ಪ್ರತಿ ಶನಿವಾರ."

ಇಷ್ಟೆಲ್ಲದರಲ್ಲಿ ಒಂದೇ ಒಂದು ಸಣ್ಣ ಸಂಗತಿ ನಾನು ಕಟ್ಟಿ ಹೇಳಿದ್ದು. ಅರಿಷಿಣದ ವಿಚಾರ ಬಂದದ್ದು ನನ್ನ ತಲೆಗಲ್ಲ. ಬಸ್ಸಿಗೆ ಹೊರಟವನ ಕೈಯಿಂದ ಕಾಗದ ಕಸಿದುಕೊಂಡು, ಅಡುಗೆಮನೆಗೆ ಒಯ್ದು ನಾಲ್ಕು ಮೂಲೆಗೂ ಹಚ್ಚಿ ತಂದವಳು, ದಿನಾ ಭತ್ತ ಭತ್ತ ಅನ್ನುತ್ತಿದ್ದವಳೇ.