ಡಬ್ಬದೊಳಗಿನ ಜರಡಿ

ರಾಮನಗರದ ಸುತ್ತಮುತ್ತಲ ಸಣ್ಣ ಕಂಪನಿಗಳ ಇ-ಮೇಲ್ ನೋಡಿಕೊಳ್ಳೋದು ನನ್ನ ಕೆಲಸ. ಬೇಡದ ಮೇಲ್ ತಡೆಯೋ ಸ್ಪ್ಯಾಮ್ ಫಿಲ್ಟರ್ ಹಾಕಿಕೊಡ್ತೀನಿ. ಹಾಕಿದ ಕಡೆಯಲ್ಲೆಲ್ಲ ಒಂದಲ್ಲ ಒಂದು ಫಜೀತಿ ಆಗೇ ಆಗುತ್ತೆ.

ಗೇಟು

ರೇಷ್ಮೆ ನೂಲು ತೆಗೆಸೋ ಸಾಹೇಬರಿಗೆ ಫೋನಲ್ಲಿ, "ನಾಳೆ ನಿಮ್ಮ ಫಿಲ್ಟರನ್ನ ಕಂಟೈನರ್ ಒಳಗೆ ಹಾಕ್ತೀನಿ" ಅಂದಿದ್ದೆ. ಹೋದರೆ ಅಂಗಳವೆಲ್ಲ ಖಾಲಿ! ಗೂಡಿನ ಬುಟ್ಟಿ, ಸ್ಕೂಟರ್ ಎಲ್ಲ ರಸ್ತೆಯಲ್ಲಿ.

"ಗೇಟು ಒಸಿ ಚಿಕ್ಕದು ಭಾಯ್. ಕಂಟೈನರ್ ಒಳಗೆ ಬತ್ತದಾ?"

"ಸಾಹೇಬ್ರೆ, ಅದು ಲಾರಿ ಅಲ್ಲ. ಸಾಫ್ಟ್‌ವೇರನ್ನ ಕಂಪ್ಯೂಟರ್ ಒಳಗೇ ಒಂದು ಡಬ್ಬದಲ್ಲಿ ಇಟ್ಟಂಗೆ, ಅಷ್ಟೆ."

ಲೋಡು ಇಳಿಸೋಕೆ ಬಂದಿದ್ದ ನಾಲ್ವರು ಟೀ ಕುಡಿದು ಎದ್ದರು. ಒಬ್ಬ ಪಾಪ, ಸಂಕೋಚದಿಂದ ಕೇಳಿದ: "ಆ ಡಬ್ಬನಾದ್ರೂ ಇಳಿಸ್ಕೊಟ್ಟು ಹೋಗ್ಲಾ ಸಾರ್?"

ಅಪ್‌ಡೇಟು

ಚನ್ನಪಟ್ಟಣದಲ್ಲಿ ಬೊಂಬೆ ಮಾಡಿಸೋ ಅಕ್ಕನ ಫಿಲ್ಟರ್ ಎರಡು ವರ್ಷದಿಂದ ಕಳ್ಳ ಮೇಲ್ ಗುರುತಿಸೋದನ್ನ ಚೆನ್ನಾಗಿ ಕಲಿತಿತ್ತು. ನಾನು ಅಪ್‌ಡೇಟ್ ಮಾಡೋಕೆ ಹಳೇ ಕಂಟೈನರ್ ಅಳಿಸಿ ಹೊಸದು ಹಾಕಿದೆ. ಕಲಿತದ್ದನ್ನು ಆ ಡಬ್ಬದ ಹೊರಗೆ ಉಳಿಸಿಡಬೇಕಿತ್ತು, ಮರೆತಿದ್ದೆ. ಬೆಳಗ್ಗೆ ಅಕ್ಕನ ಮೇಲ್ ತುಂಬಾ ಲಾಟರಿ ಬಹುಮಾನ! ವಿದೇಶದಿಂದ ಬರಬೇಕಿದ್ದ ಬುಗುರಿ ಆರ್ಡರ್ ಆ ರಾಶಿಯಲ್ಲಿ ಎಲ್ಲೋ ಹೂತುಹೋಗಿತ್ತು. ಇಬ್ಬರೂ ಕೂತು ಮಧ್ಯಾಹ್ನದವರೆಗೆ ಹುಡುಕಿ ತೆಗೆದೆವು. ಆದದ್ದನ್ನ ಡಬ್ಬದ ಲೆಕ್ಕದಲ್ಲೇ ಅಕ್ಕನಿಗೆ ಬಿಡಿಸಿ ಹೇಳಿದೆ.

"ಅದರ ಬುದ್ಧಿನೆಲ್ಲ ಡಬ್ಬದೊಳಗೇ ಮಡಗಿದ್ಯಾ?"

"ಹೂಂ ಅಕ್ಕ."

"ಆ ಡಬ್ಬನ ಎಸೆದ್ಬುಟ್ಯಾ?"

"ಹೂಂ."

"ನಿಂದೂ ಅದ್ರೊಳಗೇ ಇತ್ತೇನಪ್ಪ!"

ಬಟನ್ನು

ಬಿಡದಿಯಲ್ಲಿ ಕಾರಿನ ಬಿಡಿಭಾಗ ಮಾಡೋ ವರ್ಕ್‌ಶಾಪ್ ಮಾಲೀಕರು ಕೆಂಡವಾಗಿದ್ದರು. "ಮೀಟಿಂಗ್‌ಗೆ ಬನ್ನಿ ಅಂತ ಎಲ್ರಿಗೂ ಮೇಲ್ ಹಾಕ್ದೆ. ಒಬ್ರೂ ಬರ್ಲಿಲ್ಲ. ನಿನ್ ಫಿಲ್ಟರ್ ಕಿತ್ತಾಕು!"

ನೋಡಿದೆ. ಫಿಲ್ಟರ್ ತಪ್ಪೇ ಮಾಡಿರಲಿಲ್ಲ. ಸಾಹುಕಾರ್ರು ದಿನಾ ಬೆಳಗ್ಗೆ ಎಲ್ಲರಿಗೂ ಎರಡು ಪುಟದ ಹಿತವಚನ ಕಳಿಸ್ತಿದ್ದರು. ಆಫೀಸಿನವರು ದಿನಾ ಅದರ ಮೇಲೆ 'ಸ್ಪ್ಯಾಮ್' ಬಟನ್ ಒತ್ತುತ್ತಿದ್ದರು. ಈ ಮನುಷ್ಯ ಬರೆದದ್ದೆಲ್ಲ ಕಸ ಅಂತ ಫಿಲ್ಟರ್ ಕಲಿತುಬಿಟ್ಟಿತ್ತು. ಹೇಗೆ ಹೇಳೋದು?

"ಮೆಷಿನ್ ಒಸಿ ಗಲಿಬಿಲಿ ಆಗೈತೆ ಸಾರ್... ಯಾರೋ ಗೊತ್ತಿಲ್ದೆ ಸ್ಪ್ಯಾಮ್ ಬಟನ್ ಒತ್ತಿರ್ಬೇಕು."

"ಸುಳ್ಳು ಬೇಡ. ಯಾರ್ಯಾರು ಒತ್ತವ್ರೆ, ತೋರ್ಸು!"

ಆಫೀಸಿನವರೆಲ್ಲ ಫೈಲುಗಳಲ್ಲಿ ಮುಖ ಹುದುಗಿಸಿದರು. ಸಾಹುಕಾರ್ರೇ ನನ್ನ ಲ್ಯಾಪ್‌ಟಾಪ್ ಎಳೆದುಕೊಂಡು ಪಟ್ಟಿ ನೋಡಿದರು. ಅತಿ ಹೆಚ್ಚು ಸಲ ಒತ್ತಿದವರ ಹೆಸರು ಮೇಲೇ ಇತ್ತು: ಪಕ್ಕದ ಟೇಬಲ್ಲಿನಲ್ಲಿ ಬಿಲ್ಲು ಬರೆಯುತ್ತಿದ್ದ ಅವರ ಹೆಂಡತಿ.

"ನೀನೂ ಏನೇ?" ಅಂದರು.

ಮೇಡಂ ತಲೆ ಎತ್ತದೆ ಹೇಳಿದರು: "ಏನ್ ಮಾಡ್ಲಿ, ಮನೇಲಿ ಒತ್ತಕ್ಕೆ ಬಟನ್ ಇಲ್ವಲ್ಲ!"