ಶಾಮರಾಯರು ಸೋಲಬೇಕಾಗಿದ್ದ ಸಿನಿಮಾ

"ಎರಡ್ ಶಬ್ದ ಮಾರಾಯ್ತಿ, ಬರೀ ಎರಡ್ ಶಬ್ದ. ರಾತ್ರಿಯಿಡೀ ಮಾತಾಡ್ದವ್ನಿಗೆ ಎರಡ್ ಶಬ್ದ ಹೇಳೂಕೆ ಅಭ್ಯಾಸ ಬೇಕಾ?"

ಸಾಲಿಗ್ರಾಮದ ಶಾಮರಾಯರು ಹೆಂಡತಿ ಪದ್ಮಾಕ್ಷಿಯ ಎದುರು ಹೀಗೆ ಎದೆಯುಬ್ಬಿಸಿದ ದಿನವೇ ಅವರ ಸೋಲು ಶುರುವಾಗಿತ್ತು. ಸೋಲನ್ನು ಗುರುತಿಸುವ ರೂಢಿ ಇಲ್ಲದವರಾದ್ದರಿಂದ ಅದು ಅವರ ಗಮನಕ್ಕೆ ಬರಲು ಒಂದು ವರ್ಷ ಹಿಡಿಯಿತು.

ಹಳೆಗಾಲದ ಮಹಾಕವಿಯೊಬ್ಬನ ಕಥೆಯನ್ನು ಸಿನಿಮಾ ಮಾಡುವವರು ಗುಲ್ವಾಡಿಯಲ್ಲಿ, ಹೊಳೆಬದಿಯ ದೊಡ್ಡ ಮನೆಯೊಂದರ ಚಾವಡಿಯನ್ನು ರಾಜಸಭೆ ಮಾಡಿಕೊಂಡಿದ್ದರು. ಕವಿಯೊಡನೆ ವಾದಕ್ಕಿಳಿಯುವ ಒಬ್ಬ ಆಸ್ಥಾನ ಪಂಡಿತ ಅವರಿಗೆ ಬೇಕಾಗಿದ್ದ. ಕವಿ ಮಾತಾಡಬೇಕು, ಪಂಡಿತ ಕೇಳಬೇಕು, ಕೊನೆಗೆ ತಲೆ ತಗ್ಗಿಸಿ "ನಾನು ಸೋತೆ" ಅನ್ನಬೇಕು. ಶಾಮರಾಯರ ಮುಖ ನಿರ್ದೇಶಕ ರತನ್‌ಗೆ ಹಿಡಿಸಿತು. ಸ್ವರ ಅದಕ್ಕಿಂತ ಹೆಚ್ಚು ಹಿಡಿಸಿತು. "ನಿಮ್ಮ ಈ ಸ್ವರವೇ ಬೇಕು ಸರ್," ಅಂದ ಅವನು. ಆ ಮಾತು ಶಾಮರಾಯರ ಎದೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು.

ಕೂರಲು ಕಾರಣವಿತ್ತು. ಅವರ ಅಪ್ಪಯ್ಯ ಮಂಜಯ್ಯನವರು ತಾಳಮದ್ದಲೆಯ ಹೆಸರುವಾಸಿ ಅರ್ಥಧಾರಿ. ಬಣ್ಣವಿಲ್ಲ, ಕಿರೀಟವಿಲ್ಲ, ಕುಳಿತಲ್ಲಿಂದಲೇ ಬರೀ ಮಾತಿನಲ್ಲಿ ಯುದ್ಧ ಮಾಡಿ ಜನರನ್ನು ಬೆಳಗಿನವರೆಗೆ ಕೂರಿಸುತ್ತಿದ್ದವರು. ಅವರ ಮುಖ ಈಗ ಗೋಡೆಯ ಫೋಟೋದಲ್ಲಿದೆ. ಸ್ವರ ಎಲ್ಲಿಯೂ ಇಲ್ಲ. ಈಚೀಚೆಗೆ ಶಾಮರಾಯರು ಕಣ್ಣು ಮುಚ್ಚಿ ಎಷ್ಟು ನೆನೆದರೂ ಅದು ಕಿವಿಗೆ ಬರುತ್ತಿರಲಿಲ್ಲ. ಅಪ್ಪನ ಸ್ವರವನ್ನು ಮರೆತ ಮಗ ತಾನು ಎಂಬ ಸಂಕಟ ಅವರಿಗಿತ್ತು. ನಾಳೆ ತನ್ನದೂ ಹೀಗೇ ಹೋಗಿಬಿಡುತ್ತದೆ ಎಂಬ ಹೆದರಿಕೆ ಅದಕ್ಕಿಂತ ದೊಡ್ಡದು.

"ಅಷ್ಟೇ ಆದ್ರೆ ನನ್ ಫೋನಂಗೆ ರೆಕಾರ್ಡ್ ಮಾಡಿ ಇಡ್ತೆ," ಅಂದಳು ಪದ್ಮಾಕ್ಷಿ.

"ಫೋನ್ ಅಂದ್ರೆ ಎಂತ? ನೆಲಕ್ಕ್ ಬಿದ್ರೆ ಮುಗೀತ್. ಸಿನಿಮಾ ಹಾಂಗಲ್ಲ ಪದ್ದು, ಅದ್ ಶಾಶ್ವತ."

ಶಾಶ್ವತಕ್ಕೆ ಒಂದೇ ಅಡ್ಡಿಯಿತ್ತು. ಶಾಮರಾಯರೂ ಅರ್ಥಧಾರಿ. ತಾಳಮದ್ದಲೆಯಲ್ಲಿ ಸೋಲುವ ಪಾತ್ರ ಸಿಕ್ಕಿದರೂ ಅವರು ಮಾತಿನಲ್ಲಿ ಸೋತವರಲ್ಲ. ಎದುರಿನವರ ಪ್ರಶ್ನೆಗೆ ಉತ್ತರ, ಉತ್ತರಕ್ಕೆ ಮರುಪ್ರಶ್ನೆ. ಕೊನೆಗೆ ಭಾಗವತ ಚಂದ್ರ ಬೇಸತ್ತು ಜಾಗಟೆ ಬಾರಿಸಿ ಮುಂದಿನ ಹಾಡು ಎತ್ತಬೇಕು. ಆಗ ಕಥೆಯ ಪ್ರಕಾರ ಅವರು ಸತ್ತರು ಎಂದು ಲೆಕ್ಕ. "ಸತ್ತದ್ದ್ ಹೌದ್, ಸೋತದ್ದಲ್ಲ," ಎಂದು ಮರುದಿನ ಚಹಾ ಕುಡಿಯುವಾಗಲೂ ಹೇಳುತ್ತಿದ್ದರು. ಮನೆಯಲ್ಲಿ ಜಾಗಟೆಯೂ ಇರಲಿಲ್ಲ. ಆದ್ದರಿಂದ ಅಲ್ಲಿ ವಾದ ನಿಂತದ್ದೇ ಇಲ್ಲ.

ಪದ್ಮಾಕ್ಷಿಗೆ ಇದು ಗೊತ್ತಿದ್ದುದರಿಂದ ಅಭ್ಯಾಸ ಮಾಡಿಸಲು ಅವಳೇ ಹೊರಟಳು. ಒಲೆಯ ಮೇಲೆ ಹಾಲಿಟ್ಟು, ಸೆರಗು ಸಿಕ್ಕಿಸಿಕೊಂಡು ಕವಿಯ ಜಾಗದಲ್ಲಿ ನಿಂತಳು.

"ಸಣ್ಣದ್ರಿಂದ ಶುರು ಮಾಡುವ. ನಿನ್ನೆ ಹಾಲ್ ಉಕ್ಕಿದ್ದ್ ನಿಮ್ ಮಾತಿಂದ. ಹೌದ್ ಅಂದ್ಕಂಡ್, ನಾನು ಸೋತೆ ಅನ್ನಿ ಕಾಂಬ."

ಶಾಮರಾಯರು ಗಂಟಲು ಸರಿಪಡಿಸಿಕೊಂಡರು. "ಉಕ್ಕುವುದು ಹಾಲಿನ ಧರ್ಮ. ಕಾಯುವುದು ಗೃಹಿಣಿಯ ಧರ್ಮ. ತನ್ನ ಧರ್ಮವನ್ನು ತಪ್ಪದೆ ಪಾಲಿಸಿದ ಹಾಲು ನಿರಪರಾಧಿ. ಹಾಗಾದರೆ ಅಪರಾಧಿ ಯಾರು? ಈ ಪ್ರಶ್ನೆಯನ್ನು ಸಭೆಯ ಮುಂದಿಡುತ್ತೇನೆ."

ಸಭೆಯಲ್ಲಿದ್ದವಳು ಪದ್ಮಾಕ್ಷಿ ಒಬ್ಬಳೇ. ಉತ್ತರ ಕೊಡಲು ಅವಳು ಈ ಕಡೆ ತಿರುಗಿದಳು. ಅಷ್ಟರಲ್ಲಿ ಹಿಂದೆ ಒಲೆಯ ಮೇಲೆ ಹಾಲು ತನ್ನ ಧರ್ಮವನ್ನು ಮತ್ತೊಮ್ಮೆ ಪಾಲಿಸಿತು. ಆ ವಾರವೆಲ್ಲ ಹೀಗೇ. ಪಲ್ಯ ಸೀದಿತು, ಸಾರು ಬತ್ತಿತು, ದೋಸೆ ಕಲ್ಲಿಗೆ ಕಚ್ಚಿತು. ಎಲ್ಲದಕ್ಕೂ ಶಾಮರಾಯರಲ್ಲಿ ಸಮರ್ಥನೆ ಇತ್ತು. ಆ ಎರಡು ಶಬ್ದ ಮಾತ್ರ ಹೊರಗೆ ಬರಲಿಲ್ಲ.

"ಮನೆಯಂಗೆ ಬರ್ದಿದ್ರೂ ಅಡ್ಡಿಲ್ಲ, ಅಲ್ಲಿ ಬತ್ತ್," ಎಂದು ಅವರೇ ಸಮಾಧಾನ ಹೇಳಿಕೊಂಡರು.

ಅಲ್ಲಿ ಜರಿಪೇಟ, ಶಾಲು, ಕಿವಿಗೆ ಒಂಟಿ ಎಲ್ಲ ಬಂತು. ಕವಿಯ ಪಾತ್ರಧಾರಿ ಬಾಯಿಪಾಠ ಮಾಡಿದ್ದನ್ನು ಚೆನ್ನಾಗಿಯೇ ಹೇಳಿದ. ಸಭೆ ಶಾಮರಾಯರ ಕಡೆ ನೋಡಿತು.

"ಸೋಲನ್ನು ಒಪ್ಪಬೇಕಾದರೆ," ಎಂದು ಶಾಮರಾಯರು ನಿಧಾನವಾಗಿ ಶುರು ಮಾಡಿದರು, "ಗೆಲುವು ಎಂದರೇನು ಎಂಬುದು ಮೊದಲು ಇತ್ಯರ್ಥವಾಗಬೇಕು. ಕವಿಗಳು ಕಲ್ಪನೆ ದೊಡ್ಡದು ಎಂದರು. ಹಸಿದವನಿಗೆ ಕಲ್ಪನೆಯ ಅನ್ನ ಬಡಿಸಿದರೆ ಅವನು ಕವಿಯನ್ನು ಹೊಗಳುತ್ತಾನೋ, ಅಡುಗೆಯವನನ್ನು ಹುಡುಕುತ್ತಾನೋ?"

ಕವಿಗೆ ಇದು ಪಾಠದಲ್ಲಿ ಇರಲಿಲ್ಲ. ಅವನು ಬಾಯಿ ತೆರೆದು ನಿಂತ. ಸಿಂಹಾಸನದ ಮೇಲಿದ್ದ ರಾಜ ಮೈಮರೆತು "ಹೌದಲ್ವಾ" ಅಂದುಬಿಟ್ಟ. ಸಭಿಕರಾಗಿ ಕೂತಿದ್ದ ಊರವರು ಚಪ್ಪಾಳೆ ತಟ್ಟಿದರು.

ರತನ್ ಓಡಿ ಬಂದ. "ಸರ್, ನೀವು ಸೋಲಬೇಕು."

"ಸೋಲುವ. ಹಾಡ್ ಎತ್ತೂಕೆ ಹೇಳಿ."

"ಯಾವ ಹಾಡು ಸರ್?"

"ಭಾಗವತ್ರ್ ಇಲ್ದೆ ನಾ ಮಾತ್ ನಿಲ್ಸುದ್ ಹ್ಯಾಂಗೆ?"

ರತನ್‌ಗೆ ಏನೂ ತಿಳಿಯಲಿಲ್ಲ. ಮತ್ತೆ ತೆಗೆದರು, ಮತ್ತೆ ಕವಿ ಸೋತ. ಹೊತ್ತು ಇಳಿಯುತ್ತಾ ಬಂದಂತೆ ರತನ್‌ನ ಮುಖದಲ್ಲಿ ಒಂದು ಬಗೆಯ ವೈರಾಗ್ಯ ಮೂಡಿತು. "ಬಿಡಿ ಸರ್, ತೋಚಿದ್ದು ಮಾತಾಡಿ," ಅಂದ.

ಅಂದು ಶಾಮರಾಯರು ಮಾತಾಡಿದ್ದನ್ನು ಮಂಜಯ್ಯನವರು ಕೇಳಬೇಕಿತ್ತು. ಮಾತಾಡಿ ಮಾತಾಡಿ ಗಂಟಲು ಆರಿತು. ಜಾಗಟೆಯ ಸದ್ದಿಲ್ಲ. ಕಡೆಗೆ ನೀರಿನ ತಂಬಿಗೆ ಎಲ್ಲಿದೆ ಎಂದು ತಲೆ ತಗ್ಗಿಸಿ ಹುಡುಕಿದರು. "ಓಕೆ!" ಎಂದು ರತನ್ ಕೂಗಿದ.

"ಎಲ್ಲ ಇಟ್ಕಂಡ್ರ್, ಒಂದ್ ಶಬ್ದ ಬಿಡ್ಲಿಲ್ಲ," ಎಂದು ಶಾಮರಾಯರು ಮನೆಗೆ ಬಂದು ಅಪ್ಪಯ್ಯನ ಫೋಟೋಕ್ಕೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

ವರ್ಷ ಕಳೆದು ಸಿನಿಮಾ ಕುಂದಾಪುರಕ್ಕೆ ಬಂತು. ಶಾಮರಾಯರು ಕೋಟ, ಸಾಲಿಗ್ರಾಮದ ಪರಿಚಯದವರನ್ನೆಲ್ಲ ಮದುವೆಗೆ ಕರೆದಂತೆ ಕರೆದಿದ್ದರು. ಒಂದು ಬದಿಗೆ ಪದ್ಮಾಕ್ಷಿ, ಇನ್ನೊಂದು ಬದಿಗೆ ಭಾಗವತ ಚಂದ್ರ. ರಾಜಸಭೆ ಬಂತು. ಪರದೆಯ ತುಂಬ ಶಾಮರಾಯರ ಮುಖ ಬಂತು. ಬಾಯಿ ಅಲ್ಲಾಡಿತು. ಆದರೆ ಕೇಳಿದ್ದು ಕೊಳಲು. ಹಸಿದವನ ಅನ್ನ, ಗೆಲುವಿನ ವ್ಯಾಖ್ಯಾನ, ಎಲ್ಲವೂ ಕೊಳಲಿನ ಅಡಿಯಲ್ಲಿ ಹೋಯಿತು. ಕೊನೆಗೆ ಪಂಡಿತ ತಲೆ ತಗ್ಗಿಸಿ ತಂಬಿಗೆ ಹುಡುಕಿದ. ಯಾರದೋ ನುಣುಪಾದ ಸ್ವರ "ನಾನು ಸೋತೆ" ಅಂದಿತು.

ಜನ ಚಪ್ಪಾಳೆ ತಟ್ಟಿದರು. ಚಂದ್ರ ಮೆಲ್ಲನೆ ಬಗ್ಗಿ ಕೇಳಿದ: "ಹ್ವಾಯ್, ಸ್ವರ ನಿಮ್ದಲ್ಲ ಅಲ್ದಾ?"

ಶಾಮರಾಯರು ಎದ್ದು ಬಾಗಿಲ ಕಡೆ ನಡೆದರು.

ಮನೆಗೆ ಬಂದವರು ಉಣ್ಣಲಿಲ್ಲ. ಜಗಲಿಯಲ್ಲಿ, ಫೋಟೋದ ಕೆಳಗೆ ಕೂತರು. ಅವರಿಗೆ ಅಳು ಬಂದಿತ್ತು. ಆ ವಯಸ್ಸಿನ ಗಂಡಸಿಗೆ ಅಳು ಬಂದರೆ ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯುವುದಿಲ್ಲ. ಪದ್ಮಾಕ್ಷಿ ಬಂದು ಪಕ್ಕದಲ್ಲಿ ಕೂತಳು. ನಾನು ಅಂದೇ ಹೇಳಿದ್ದೆ ಎನ್ನಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. ಅವಳು ಅನ್ನಲಿಲ್ಲ.

"ಎರಡ್ ಶಬ್ದ ಪದ್ದು. ಅಷ್ಟ್ ಹೇಳಿದ್ರೆ ಉಳೀತಿತ್ತ್."

"ಈಗ ಹೇಳಿ ಕಾಂಬ."

"ಈಗ ಹೇಳಿ ಎಂತ ಪ್ರಯೋಜನ? ಯಾರ್ ಕೇಂತ್ರ್?"

"ನಾ ಕೇಂತೆ."

ಶಾಮರಾಯರು ಅವಳ ಮುಖ ನೋಡಿದರು. ಉಕ್ಕಿದ ಹಾಲು, ಸೀದ ಪಲ್ಯ, ಒಮ್ಮೆಯೂ ನಿಲ್ಲದ ವಾದಗಳು ಎಲ್ಲ ನೆನಪಾದವು. ಯಾವುದಕ್ಕೂ ಸಮರ್ಥನೆ ತೋಚಲಿಲ್ಲ. ಅಪ್ಪಯ್ಯನಿಂದ ಬಂದ ಆ ತುಂಬು ಕಂಠದಲ್ಲಿ, ಮುಂದೆ ಹಿಂದೆ ಏನೂ ಸೇರಿಸದೆ ಅಂದರು: "ನಾನು ಸೋತೆ."

ಪದ್ಮಾಕ್ಷಿ ಮಡಿಲಲ್ಲಿದ್ದ ಫೋನನ್ನು ಸರಿಪಡಿಸಿಕೊಂಡು, "ಇನ್ನೊಂದ್ ಸಲ ಹೇಳಿ," ಅಂದಳು. ಅವರು ಹೇಳಿದರು. ಆಮೇಲೆ ಇಬ್ಬರೂ ಉಂಡರು.

ಕೆಲವು ದಿನ ಕಳೆದು ಬ್ರಹ್ಮಾವರದಲ್ಲಿ ಒಂದು ಉಪನಯನ. ಎಲೆ ಹಾಕಿಯಾಗಿತ್ತು. ಗಂಡಸರ ಸಾಲಿನಲ್ಲಿ ಚಂದ್ರನ ಪಕ್ಕ ಕೂತಿದ್ದ ಶಾಮರಾಯರಿಗೆ ಊಟಕ್ಕೆ ಮುಂಚಿನ ಮಾತ್ರೆ ಹೆಂಡತಿಯ ಚೀಲದಲ್ಲಿ ಇದೆಯೆಂದು ನೆನಪಾಯಿತು. ಫೋನ್ ಮಾಡಿದರು.

ಆಚೆ ಹೆಂಗಸರ ಸಾಲಿನಿಂದ ಛತ್ರ ತುಂಬುವ ಗಂಭೀರ ಸ್ವರವೊಂದು ಎದ್ದಿತು. "ನಾನು ಸೋತೆ." ತುಸು ಬಿಟ್ಟು ಮತ್ತೆ, "ನಾನು ಸೋತೆ." ಕೋಸಂಬರಿ ಬಡಿಸುತ್ತಿದ್ದವನ ಕೈ ನಿಂತಿತು. ಎಲ್ಲರ ತಲೆ ತಿರುಗಿತು. ಫೋನನ್ನು ಎದುರಿಗಿಟ್ಟುಕೊಂಡು ಪದ್ಮಾಕ್ಷಿ ಶಾಂತವಾಗಿ ಕೂತಿದ್ದಳು. ಅದು ತಾನಾಗಿ ನಿಲ್ಲುವವರೆಗೂ ಮುಟ್ಟಲಿಲ್ಲ.

"ಹ್ವಾಯ್," ಅಂದ ಚಂದ್ರ, "ಈ ಸಲ ಸ್ವರ ನಿಮ್ದೇ."

ಬಸ್ಸಿಗೆ ಕಾಯುವಾಗ ಶಾಮರಾಯರು ತಡೆಯಲಾರದೆ ಕೇಳಿದರು: "ಸಭೆಯಂಗೆ ನನ್ನ ಮರ್ಯಾದಿ ಹೋತಾ ಇತ್ತ್. ಫೋನ್ ಎಂತಕ್ ಎತ್ಲಿಲ್ಲ ನೀನ್?"

ಪದ್ಮಾಕ್ಷಿ ಫೋನನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡಳು.

"ಎತ್ತಿರೆ ಸ್ವರ ನಿಂತ್ ಹೋತಿಲ್ಯಾ?"