ಹೆಬ್ಬೆಟ್ಟಿನ ಕೀಲಿ

ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಗಜೇಂದ್ರಗಡದಲ್ಲಿ ಗಾರೆ ಕೆಲಸ ಮಾಡುವ ಗೌಂಡಿ ರಮಜಾನಸಾಬನಿಗೆ ತನ್ನ ಮನೆಯ ಕೀಲಿಕೈ ದಕ್ಕಿರಲಿಲ್ಲ. ಅದರ ಕಾಯಂ ವಿಳಾಸ ಹೆಂಡತಿ ಮದರಬಿಯ ಸೊಂಟ. ಕೊಟ್ಟರೆ ಕಳೆಯುತ್ತಾನೆಂಬುದು ಅವಳ ದೂರು. (ಮೂರು ಸಲ ಕಳೆದದ್ದು ಖರೇ. ನಾಲ್ಕನೆಯದು ಮಾತ್ರ ಕಳೆದಿಲ್ಲ, ಸವಡಿ ಊರಲ್ಲಿ ಯಾರದೋ ಗೋಡೆಗೆ ತಾನೇ ಬಳಿದ ಸಿಮೆಂಟಿನ ಗಿಲಾವಿನಡಿ ಭದ್ರವಾಗಿದೆ.)

ಹೀಗಿರುವಾಗ ಕಾಲು ಉಳುಕಿ ಮೂರು ವಾರ ಮನೆಯಲ್ಲೇ ಕೂತ. ಕೈಯಲ್ಲಿ ಮೊಬೈಲು, ಬೇಕಾದಷ್ಟು ಪುರಸೊತ್ತು, ಇನ್ನೇನು ಕಡಿಮೆ? ಕಾಲು ನೆಟ್ಟಗಾಗುವಷ್ಟರಲ್ಲಿ ಬಾಗಿಲಿಗೆ ಬೆರಳು ಗುರುತಿಸುವ ಕೀಲಿ ಬಂದು ಕೂತಿತ್ತು.

"ಇನ್ನಮ್ಯಾಲೆ ಕೈನ ಕೀಲಿಕೈ ನೋಡು!"

"ಕಣ್ಣಿಲ್ಲದ್ದು ನಿಮ್ಮ ಗುರ್ತ ಹ್ಯಾಂಗ ಹಿಡಿತೈತ್ರಿ?"

"ಬೆರಳಮ್ಯಾಲೆ ಹೊಲದಾಗಿನ ಸಾಲಿನಂಗ ಗೆರಿ ಅದಾವು. ಯಾವ ಸಾಲ ಎಲ್ಲಿ ಕೂಡತೈತಿ, ಎಲ್ಲಿ ಒಡಿತೈತಿ ಅಂತ ಈ ಗಾಜು ಒಮ್ಮೆ ನಕಾಶಿ ತಕ್ಕೊಂತೈತಿ. ಒಬ್ಬರ ಹೊಲ ಇನ್ನೊಬ್ಬರಂಗ ಇರೂದಿಲ್ಲ. ಮುಂದ ಒತ್ತಿದಾಗ ನಕಾಶಿ ತಾಳೆ ಆತಂದ್ರ ಒಳಗಿನ ಸಣ್ಣ ಮೋಟರ್ ಅಗಳಿ ಜಗ್ಗತೈತಿ. ಐದು ಸೆಕೆಂಡಿಗೆ ತಾನ ಮತ್ತ ಹಾಕ್ಕೊಂತೈತಿ. ಬಿಡು, ನಿನ್ನಂಥ ಹೆಬ್ಬೆಟ್ಟಿಗೆ ಇದೆಲ್ಲಾ ತಿಳಿಯೂದಿಲ್ಲ."

ಮದರಬಿಗೆ ಸಹಿ ಬಾರದು. ಏಳನೇ ಇಯತ್ತೆ ಪಾಸಾದ ರಮಜಾನಸಾಬ 'ಹೆಬ್ಬೆಟ್ಟು' ಎಂಬ ಬಿರುದನ್ನು ಅವಳಿಗೆ ದಿನಕ್ಕೆರಡು ಸಲವಾದರೂ ದಯಪಾಲಿಸುತ್ತಿದ್ದ. ಆದರೂ ದೊಡ್ಡ ಮನಸ್ಸು ಮಾಡಿ ಅವಳ ಹೆಬ್ಬೆಟ್ಟನ್ನೂ ಕೀಲಿಗೆ ಪರಿಚಯಿಸಿದ. ಜೊತೆಗೆ ಬಂದಿದ್ದ ಆಪತ್ಕಾಲದ ಕೀಲಿಕೈಯನ್ನು, ಇದೊಂದನ್ನಾದರೂ ಕಳೆಯಬಾರದೆಂದು, ಮನೆಯೊಳಗಿನ ಟ್ರಂಕಿನಲ್ಲಿ ಜೋಪಾನವಾಗಿಟ್ಟ. (ಒಳಗಿನ ಟ್ರಂಕಿನಲ್ಲಿ!)

ಮತ್ತೆ ಕೆಲಸ ಶುರುವಾಯಿತು. ಹತ್ತು ದಿನ ಸಿಮೆಂಟು ಕಲಸಿ, ಗೋಡೆ ತಿಕ್ಕಿ, ಹತ್ತನೆಯ ಸಂಜೆ ಹಸಿದು ಬಂದರೆ ಮದರಬಿ ಸೂಡಿ ಊರಿನ ತಂಗಿಯ ಮನೆಗೆ ಹೋಗಿದ್ದಳು. ರೊಟ್ಟಿ, ಬದನೆಕಾಯಿ ಪಲ್ಲೆ ಒಳಗಿದ್ದವು. ಭಲೇ! ಇಂಥ ದಿನಕ್ಕಾಗಿಯೇ ಅಲ್ಲವೇ ಇಷ್ಟೆಲ್ಲ ಖಟಪಟಿ? ಠೀವಿಯಿಂದ ಹೆಬ್ಬೆಟ್ಟು ಒತ್ತಿದ. ಕೆಂಪು ದೀಪ. ಅಂಗಿಗೆ ಒರೆಸಿ ಒತ್ತಿದ. ಕೆಂಪು. ಬಿಸ್ಮಿಲ್ಲಾ ಎಂದು ಒತ್ತಿದ. ಕೀಲಿ ಜಪ್ಪಯ್ಯ ಅನ್ನಲಿಲ್ಲ.

ಹೊಲ, ಸಾಲಿನ ಪಾಠವನ್ನು ಅವನಿಂದ ಆಗಲೇ ಕೇಳಿದ್ದ ಎದುರುಮನೆಯ ಕರೆಪ್ಪ ಬಂದು ಅವನ ಬೆರಳು ಹಿಡಿದು ನೋಡಿದ. "ಹೊಲ ಎಲ್ಲೈತೋ ಮಾರಾಯಾ? ಸಿಮೆಂಟ ತಿಂದು, ಗಿಲಾವ ಮಾಡಿದಂಗ ಸಪಾಟ ಆಗೈತಲ್ಲ!"

ಹೌದು, ಮೂರು ವಾರದ ವಿಶ್ರಾಂತಿಯಲ್ಲಿ ಮೂಡಿದ್ದ ಗೆರೆಗಳೆಲ್ಲ ಹತ್ತೇ ದಿನದಲ್ಲಿ ಸವೆದುಹೋಗಿದ್ದವು. ಮಾನ ಬಿಟ್ಟು ಹೆಂಡತಿಗೆ ಫೋನು ಮಾಡಿದ.

"ಲಗೂ ಬಾ. ಬಾಗಿಲ ತಗಿಯವಲ್ದು."

"ಕೈನ ಕೀಲಿಕೈ ಅಂದಿದ್ರಿ?"

"ಸವದೈತಿ."

"ಅಯ್ಯ ನಿಮ್ಮ! ಮೈಗೆ ಅಂಟಿದ್ದ ಕೀಲಿಕೈನೂ ಕಳಕೊಂಡ್ರ್ಯಾ?"

ತಾಸಿನ ಮೇಲೆ ಬಸ್ಸಿಳಿದು ಮದರಬಿ ಬಂದಳು. ಕಟ್ಟೆಯ ಮೇಲೆ ಕೂತ ಗಂಡನನ್ನು ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ. ಹೆಬ್ಬೆಟ್ಟು ತಾಗಿಸಿದ್ದೇ ತಡ, ಹಸಿರು ದೀಪ ಹತ್ತಿ ಬಾಗಿಲು ತೆರೆಯಿತು.

"ಹೆಬ್ಬೆಟ್ಟ ಒಳಗ ಹೊಂಟೈತ್ರಿ. ಸಾಲಿ ಕಲತವ್ರು ಸಹಿ ಮಾಡಿ ಬರ್ರಿ," ಎಂದು ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡಳು.

ಕರೆಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ತಕ್ಕ ಉತ್ತರ ಕೊಡಬೇಕೆಂದು ರಮಜಾನಸಾಬ ಯೋಚಿಸುತ್ತಲೇ ನಿಂತ. ಅಷ್ಟರಲ್ಲಿ ಐದು ಸೆಕೆಂಡು ಮುಗಿದವು. ಟಕ್!

ಒಳಗೆ ಬಿಸಿಯಾಗುತ್ತಿದ್ದ ಪಲ್ಲೆಯ ವಾಸನೆ ಹೊರಗೆ ಬಂತು. ಅವನು ಮೆಲ್ಲಗೆ ಬಾಗಿಲು ತಟ್ಟಿದ.

"ಯಾರ್ರಿ?"

"ಏಳನೇ ಇಯತ್ತೆ ಪಾಸಾದಂವ," ಎಂದ.